ಹೆಸರಿನ ಜಾಗ

ಕೂಡ್ಲಿಗಿ
೮ ಅಕ್ಟೋಬರ್ ೨೦೨೩

ಪ್ರಿಯ ಸಮತಾ,

…ಗಂಡಸರ ಹೆಸರುಗಳೆಲ್ಲ ರೀಗಾದಲ್ಲಿ ‘ಸ್’ ಎಂದು ಮುಗಿಯುತ್ತವೆ ಎಂದು ನೀನು ಹೇಳಿದ್ದು ಯಾವಾಗ? ನನಗೇ ಹೇಳಿದ್ದೋ, ನಿನ್ನ ಅವ್ವನಿಗೆ ಫೋನಿನಲ್ಲಿ ಹೇಳುವಾಗ ಪಕ್ಕದ ಕೋಣೆಯಿಂದ ನಾನು ಕೇಳಿಸಿಕೊಂಡದ್ದೋ, ಈಗ ನೆನಪಿಲ್ಲ. ಮಾತಿನ ಉಳಿದರ್ಧ ಹೋಗಿದೆ. ಆ ‘ಸ್’ ಮಾತ್ರ ಕಿವಿಯಲ್ಲಿ ಉಳಿದಿದೆ. ನಮ್ಮ ಕಡೆಯ ಹಳೆಯ ಹೆಸರುಗಳು ಅಪ್ಪ ಎಂದೋ ಅಮ್ಮ ಎಂದೋ ಮುಗಿಯುತ್ತವೆ. ಯಾರನ್ನು ಕರೆದರೂ ಹೆತ್ತವರನ್ನು ಕರೆದ ಹಾಗೆ. ನಿನ್ನ ದೇಶದವರು ಕರೆದು ಮುಗಿಸುವ ಹೊತ್ತಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಂತಾಗುತ್ತದೆ.

ಹುಟ್ಟಲಿರುವ ನಿನ್ನ ಮಗುವಿಗೆ ಹೆಸರು ಯೋಚಿಸಬೇಕೆಂದು ನೀನು ಅವ್ವನ ಕೈಲಿ ಹೇಳಿಕಳಿಸಿದ್ದೀಯ. ಫೋನಿನಲ್ಲಿ ನನಗೆ ‘ಹೂಂ’, ‘ಆಯ್ತು’ ಬಿಟ್ಟರೆ ಮಾತು ಬರುವುದಿಲ್ಲ. ಅವ್ವ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟುಕೊಂಡು ಕೂರುತ್ತಾಳೆ. ಮೂವರಲ್ಲಿ ಒಬ್ಬರಾದರೂ ಸುಮ್ಮನಿರಬೇಕಾಗುತ್ತದೆ. ಆದ್ದರಿಂದ ಕೈಯಲ್ಲಿ ಬರೆದು, ಬಸ್‌ಸ್ಟ್ಯಾಂಡಿನ ಎದುರು ಸುಮಲತಾಳ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸುತ್ತಿದ್ದೇನೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಹಾಳೆಯನ್ನು ಮಗುಚಿ ಹಿಡಿದು ಯಂತ್ರದ ಮೇಲಿಡುತ್ತಾಳೆ, ಕಣ್ಣು ಹಾಯಿಸುವುದಿಲ್ಲ.

ಹೆಸರಿನ ವಿಷಯದಲ್ಲಿ ನನಗೆ ಅನುಭವ ಇದೆ ಎಂದು ನೀನು ತಿಳಿದಿರುವುದು ಸರಿ. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ನಾನು ಹುಟ್ಟಿದಾಗ ನಿನ್ನ ಅಜ್ಜಿ ಎರ್ರಮ್ಮ ಗುಡೇಕೋಟೆಯ ನಮ್ಮ ಕೇರಿಯ ಹಿಂದಿನ ತಿಪ್ಪೆಯ ಮೇಲೆ ನನ್ನನ್ನು ಹಾಕಿದಳು. ನೆರೆಯ ಹೆಂಗಸೊಬ್ಬಳು ಎತ್ತಿಕೊಂಡಳು. ಒಂದು ಮೊರ ತವುಡು ಕೊಟ್ಟು ಅಜ್ಜಿ ನನ್ನನ್ನು ಅವಳಿಂದ ಕೊಂಡು ತಂದಳು. ತವುಡಿಗೆ ಕೊಂಡ ಕೂಸು, ಹೆಸರು ತಿಪ್ಪ. ಸಾವು ಬಂದು ನೋಡಿದರೆ, ಇದು ಕಸ, ಇದರಿಂದ ನನಗೇನು ಎಂದು ಹಿಂದಿರುಗಬೇಕು. ಹಿಂದಿರುಗಿತು ಎಂದೇ ಅವಳು ಇವತ್ತಿಗೂ ನಂಬಿದ್ದಾಳೆ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಬುದ್ಧನ ದಾರಿಗೆ ಬಂದೆ, ಸಂಜೀವನಾದೆ. ಹೆಸರು ಬದಲಾದ ಪ್ರಕಟಣೆಯನ್ನು ಓದಿ ಹೇಳಿದಾಗ ಅಜ್ಜಿ, “ಪೇಪರಿನ್ಯಾಗ ಏನರ ಬರಸಿಕೊಳ್ಳಲೇ ತಿಪ್ಪ, ನನ್ನ ಬಾಯಾಗ ನೀನು ತಿಪ್ಪನ” ಎಂದಳು. ಈಗಲೂ ಹಾಗೇ ಕರೆಯುತ್ತಾಳೆ, ನನ್ನ ವಿದ್ಯಾರ್ಥಿಗಳ ಎದುರಿನಲ್ಲೂ. ಮೂವತ್ತು ವರ್ಷದಿಂದ ಪ್ರತಿ ಜೂನಿನಲ್ಲಿ ಶಾಲೆಯ ದಾಖಲಾತಿ ಪುಸ್ತಕದ ಮುಂದೆ ಕುಳಿತು ಹೆತ್ತವರನ್ನು ಕೇಳುತ್ತೇನೆ: ಇದೇ ಹೆಸರು ಇರಲಾ, ಬೇರೆ ಬರೆಯಲಾ? ಕಸಪ್ಪ, ತಿಪ್ಪೇಶ, ಗುಂಡ, ಎಷ್ಟೋ ಮಂದಿ ನನ್ನ ಪೆನ್ನಿನ ತುದಿಯಲ್ಲಿ ಬೇರೆಯವರಾಗಿದ್ದಾರೆ. ನಾನು ಸೋತದ್ದು ನಿನ್ನ ಅವ್ವನ ಮುಂದೆ. ಹುಲುಗಮ್ಮ ಎಂಬುದನ್ನು ಸುಜಾತಾ ಮಾಡೋಣ ಎಂದಿದ್ದೆ. “ಹಂಗ ಕರದ್ರ ನಾ ಓ ಅನ್ನಂಗಿಲ್ರಿ. ಯಾವಾಕಿನ್ನ ಕರಿಯಾಕತ್ಯಾರ ಅಂತ ಹಿಂದ ತಿರುಗಿ ನೋಡತೀನಿ” ಎಂದಳು.

ಅರ್ಥ ತಿಳಿಯದ ಹೆಸರನ್ನು ಮಾತ್ರ ಇಡಬೇಡಿ. ಅಲ್ಲಿಯ ಹೆಸರುಗಳಿಗೆ ಅರ್ಥ ಇರುತ್ತದೆಯೇ, ಅವು ಎಲ್ಲಿಂದ ಬಂದವು, ವಿಚಾರಿಸಿ ಬರೆ. ಜನವರಿಯವರೆಗೆ ಸಮಯವಿದೆ.

ಜೈಭೀಮ್,
ನಿನ್ನ ಅಪ್ಪ,
ಸಂಜೀವ


ರೀಗಾ
೨೦ ಅಕ್ಟೋಬರ್ ೨೦೨೩

ಅಪ್ಪ,

ನಿಮ್ಮ ಅಕ್ಷರ ನೋಡಿ ಬಹಳ ದಿನವಾಗಿತ್ತು. ಮೊದಲು ಓದಲಿಲ್ಲ, ಸುಮ್ಮನೆ ನೋಡಿದೆ.

ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯಲ್ಲಿ ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ನರ್ಸ್ ಒಬ್ಬಳು ರಕ್ತದೊತ್ತಡ ನೋಡುತ್ತ ‘ನಿಮ್ಮ ಹೆಸರಿನ ಅರ್ಥವೇನು’ ಎಂದು ಕೇಳುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೆ ಎಲ್ಲರೂ ಹೇಳಿದರು. ಹಿಂದೆ ಇಲ್ಲಿನ ಜನ ಜರ್ಮನ್ ಜಮೀನ್ದಾರರ ಜೀತದಾಳುಗಳಾಗಿದ್ದರಂತೆ. ಮನೆತನದ ಹೆಸರು ಕೂಡ ಬಿಡುಗಡೆಯಾದ ಮೇಲೆ ಬಂದದ್ದು. ಕರೆಯುವ ಹೆಸರುಗಳು ಚರ್ಚಿನಿಂದಲೋ ಧಣಿಗಳ ಭಾಷೆಯಿಂದಲೋ ಬರುತ್ತಿದ್ದವು. ಆಮೇಲೆ, ಸುಮಾರು ನೂರು ವರ್ಷದ ಹಿಂದೆ, ನಮ್ಮ ಮಾತಿನಲ್ಲೇ ನಮ್ಮ ಹೆಸರು ಏಕಿರಬಾರದು ಎಂದು ದಿನಬಳಕೆಯ ಮಾತುಗಳನ್ನೇ ತೆಗೆದು ಹೆಸರು ಮಾಡತೊಡಗಿದರು. ಬೆಂಕಿ ಎಂಬ ಮಾತಿನಿಂದ ಗುಂತಿಸ್. ಬೇಗ ಎಂಬ ಮಾತಿನಿಂದ ಆಗ್ರಿಸ್. ನಮ್ಮ ಎರಡನೆಯ ಮಹಡಿಯಲ್ಲಿ ಒಬ್ಬ ಆಗ್ರಿಸ್ ಇದ್ದಾರೆ. ಹೆಸರಿಗೆ ‘ಬೇಗ’, ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಓದುತ್ತ ನೀವು ನಗುತ್ತೀರಿ ಎಂದುಕೊಂಡೆ. ಇವರ ಅಜ್ಜಂದಿರೂ ಒಂದು ರೀತಿಯಲ್ಲಿ ಪೆನ್ನು ಹಿಡಿದು ದಾಖಲಾತಿ ಪುಸ್ತಕದ ಮುಂದೆ ಕುಳಿತವರೇ.

ಆ ‘ಸ್’ ಬಗ್ಗೆ ಹೇಳಿದ್ದು ನಾನೇ, ಅವ್ವನಿಗೆ. ನಿಮಗೆ ತಪ್ಪಿಹೋದ ಉಳಿದರ್ಧ ಇದು: ಎದುರಿಗೆ ಕರೆಯುವಾಗ ಆ ‘ಸ್’ ಬಿಟ್ಟುಬಿಡುತ್ತಾರೆ. ನನ್ನ ಗಾತಿಸ್‌ನನ್ನೇ ಮನೆಯಲ್ಲಿ ನಾನು ‘ಗಾತಿ’ ಎಂದು ಕರೆಯುವುದು. ಅವನ ವಿಷಯ ಬೇರೆಯವರ ಹತ್ತಿರ ಮಾತಾಡುವಾಗ, ಕಾಗದದಲ್ಲಿ ಬರೆಯುವಾಗ ಮಾತ್ರ ಗಾತಿಸ್.

ಗಾತಿಸ್‌ನ ತಾಯಿ ವೆಲ್ತಾ ಮೊಮ್ಮಗುವಿಗೆ ಒಂದು ಹೆಸರನ್ನು ಕಾದಿಟ್ಟಿದ್ದಾರೆ, ಗಂಡಾದರೆ ಎಂದು. ಅವರ ತಂದೆಯದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ೧೯೪೯ರಲ್ಲಿ, ಆಗಿನ ಸರ್ಕಾರದವರು ಆತನನ್ನು ಮನೆಮಂದಿಯ ಜೊತೆ ಸರಕು ರೈಲಿನಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದ್ದರಂತೆ. ಏಳು ವರ್ಷದ ಮೇಲೆ ವಾಪಸ್ ಬಂದದ್ದು ಆತನೊಬ್ಬನೇ. ಹೆಸರನ್ನೂ ಅರ್ಥವನ್ನೂ ಮಗುವಿನ ಮುಖ ನೋಡಿದ ಮೇಲೆ ಹೇಳುತ್ತೇನೆ ಎನ್ನುತ್ತಾರೆ. ಅದೂ ಒಂದು ಪದ್ಧತಿ ಇರಬೇಕು, ಅಥವಾ ಅವರ ಹಟ. ನೀವೂ ಒಂದು ಕಳಿಸಿ. ಎರಡನ್ನೂ ಇಟ್ಟು ನೋಡೋಣ.

ನಿಮ್ಮ
ಸಮತಾ


ರೀಗಾ
೬ ನವೆಂಬರ್ ೨೦೨೩

ಅಪ್ಪ,

ಅವ್ವ ಹೇಳಿರುತ್ತಾಳೆ. ಜನವರಿಯ ಕೊನೆಗೆ ಬರಬೇಕಾದವನು ಮೊನ್ನೆ ಶುಕ್ರವಾರ ಬಂದ. ಒಂಬೈನೂರ ನಲವತ್ತು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ಮೂಗಿಗೆ ನಳಿಕೆ, ಕಾಲಿಗೆ ತಂತಿ. ಅವನ ಅಂಗೈ ನನ್ನ ಹೆಬ್ಬೆರಳಿನ ಉಗುರಿನಷ್ಟಿದೆ. ನರ್ಸ್ ಆಗಿ ನನಗೆ ಯಾವ ಅಂಕಿಗೆ ಏನು ಅರ್ಥ ಎಂದು ಗೊತ್ತು. ಅದರಿಂದ ಕಷ್ಟ ಹೆಚ್ಚು.

ಕಣ್ಣು ಇನ್ನೂ ತೆರೆದಿಲ್ಲ.

ನಿನ್ನೆ ವೆಲ್ತಾ ಬಂದು ಗಾಜಿನ ಮೇಲೆ ಕೈಯಿಟ್ಟು ನಿಂತು ಹೆಸರು ಹೇಳಿದರು. ಮೋದ್ರಿಸ್. ಅರ್ಥ ಕೇಳಿದೆ. ಅಪ್ಪ, ಅದರ ಅರ್ಥ ಎಚ್ಚರ. ಎಚ್ಚರವಾಗಿರುವವನು. ‘ಮೋದ್ರ್ಸ್’ ಎಂಬ ಅವರ ಮಾತಿನಿಂದ ಬಂದದ್ದು, ಅದೂ ನೂರು ವರ್ಷದೀಚೆಗೆ ಮಾಡಿಕೊಂಡ ಹೆಸರುಗಳಲ್ಲಿ ಒಂದು. ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ನೀವು ಕೆಂಪು ಇಂಕಿನಲ್ಲಿ ಬರೆದಿರುವುದೂ ಅದೇ: ‘ಬುದ್ಧ ಎಂದರೆ ಎಚ್ಚೆತ್ತವನು’. ನಾನು ಅಕ್ಷರ ಕಲಿತದ್ದೇ ಆ ಸಾಲು ಓದಿ. ಮೂರು ದಿನದಲ್ಲಿ ಮೊದಲ ಸಲ ನಗು ಬಂತು. ಗಾತಿಸ್‌ಗೆ ಹೇಳಿದೆ, ನನ್ನ ಅಪ್ಪ ಹೆಸರು ಕಳಿಸುವುದೇ ಬೇಡ, ಅವರದೇ ಇಲ್ಲಿಗೆ ಮೊದಲು ಬಂದು ಕುಳಿತಿದೆ.

ಹುಟ್ಟಿದ ಒಂದು ತಿಂಗಳೊಳಗೆ ಕಚೇರಿಯಲ್ಲಿ ಬರೆಸಬೇಕು. ಫಾರಂ ನನ್ನ ಚೀಲದಲ್ಲಿದೆ. ಗಾತಿಸ್ ತುಂಬಿದ್ದಾನೆ, ನಾನು ಸಹಿ ಮಾಡಬೇಕಷ್ಟೆ.

ನಿಮ್ಮ
ಸಮತಾ


ಕೂಡ್ಲಿಗಿ
೯ ನವೆಂಬರ್ ೨೦೨೩

ಸಮತಾ,

ಮಗುವಿನ ತೂಕ ಪ್ರತಿದಿನ ಅವ್ವನಿಗೆ ತಿಳಿಸು. ಅವಳು ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಿದ್ದಾಳೆ.

ಹೆಸರಿನ ಬಗ್ಗೆ. ಆ ಹೆಸರು ಬೇಡ. ವೆಲ್ತಾ ಅವರಿಗೆ ಬೇಸರವಾಗದಂತೆ ಹೇಳು. ಬೇರೆ ಯಾವುದಾದರೂ ಇರಲಿ. ನೀನು ಬರೆದ ಬೆಂಕಿ ಇದೆ, ಬೇಗ ಇದೆ. ಅಥವಾ ಸದ್ಯಕ್ಕೆ ಯಾವುದೂ ಬೇಡ. ಪೆಟ್ಟಿಗೆಯಿಂದ ಹೊರಗೆ ಬರಲಿ, ನಿನ್ನ ತೋಳಿಗೆ ಬರಲಿ, ಆಮೇಲೆ ನೋಡಿದರಾಯಿತು. ಫಾರಂ ಎಲ್ಲಿಗೂ ಓಡಿಹೋಗುವುದಿಲ್ಲ. ಉಚ್ಚಾರಣೆ ನಮ್ಮವರಿಗೆ ಕಷ್ಟ ಎಂಬುದೂ ಒಂದು ಕಾರಣ.

ಈ ವಿಷಯವನ್ನು ಅವ್ವನ ಹತ್ತಿರ ಫೋನಿನಲ್ಲಿ ತೆಗೆಯಬೇಡ. ಅರ್ಥವನ್ನಂತೂ ಹೇಳಲೇಬೇಡ.

ಅಪ್ಪ


ರೀಗಾ
೧೪ ನವೆಂಬರ್ ೨೦೨೩

ಅಪ್ಪ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಅದರಲ್ಲಿ ಜೈಭೀಮ್ ಇಲ್ಲ. ನಿಮ್ಮ ಹೆಸರೂ ಇಲ್ಲ. ನೀವು ಬರೆದ ಹಾಗೆಯೇ ಇಲ್ಲ.

ಉಚ್ಚಾರಣೆ ಕಷ್ಟ ಎಂಬುದನ್ನು ನಂಬಲು ನಾನು ಪ್ರಯತ್ನಿಸಿದೆ. ಮದುವೆಯಿಲ್ಲದೆ ಗಾತಿಸ್‌ನ ಜೊತೆ ಇದ್ದೇನೆ ಎಂದಾಗ ನೀವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೂಡ್ಲಿಗಿಯಲ್ಲಿ ನನ್ನ ಗೆಳತಿಯರ ಮನೆಗಳಲ್ಲಿ ಏನಾಗುತ್ತಿತ್ತು ಎಂದು ನನಗೆ ಗೊತ್ತು. ನನ್ನ ಅಪ್ಪ ದೊಡ್ಡವರು ಎಂದುಕೊಂಡೆ. ಈಗ ಅನುಮಾನ ಬರುತ್ತಿದೆ. ಆಗ ಕೇಳದೆ ಬಿಟ್ಟದ್ದನ್ನೆಲ್ಲ ಕೂಡಿಟ್ಟುಕೊಂಡಿದ್ದು ಈ ಒಂದು ಹೆಸರಿನ ಮೇಲೆ ಹಾಕುತ್ತಿದ್ದೀರೇ? ಅವರ ಕಡೆಯ ಹೆಸರು ಎಂದೇ?

ಮಗು ನಿನ್ನೆ ಉಸಿರು ಮರೆತ. ಇಷ್ಟು ಬೇಗ ಹುಟ್ಟಿದವರು ಹೀಗೆ ಮರೆಯುತ್ತಾರೆ. ಯಂತ್ರ ಕೂಗುತ್ತದೆ, ನರ್ಸ್ ಬಂದು ಅಂಗಾಲು ತಟ್ಟುತ್ತಾಳೆ, ಅವನಿಗೆ ನೆನಪಾಗುತ್ತದೆ. ಹತ್ತಿರ ನಿಂತು ವೆಲ್ತಾ ಅವನನ್ನು ‘ಮೋದ್ರಿ, ಮೋದ್ರಿ’ ಎಂದು ಕರೆದರು. ನಾನು ನಿಮ್ಮ ಪತ್ರದ ನೆನಪಾಗಿ ಅವರ ತೋಳು ಹಿಡಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ನಿಮಗೆ ಹೇಗೆ ಬರೆಯಲಿ?

ಯಾಕೆ ಎಂದು ಕೇಳದೆ ಏನನ್ನೂ ಒಪ್ಪಬೇಡ ಎಂದು ಕಲಿಸಿದವರು ನೀವು. ಯಾಕೆ?

ಸಮತಾ


ಕೂಡ್ಲಿಗಿ
೧೮ ನವೆಂಬರ್ ೨೦೨೩

ಸಮತಾ,

ನಿನಗೆ ಒಬ್ಬ ಅಣ್ಣ ಇದ್ದ.

ಈ ಸಾಲನ್ನು ಬರೆದು ಪೆನ್ನು ಕೆಳಗಿಟ್ಟು ಶಾಲೆಗೆ ಹೋಗಿ ಬಂದೆ. ಸಾಲು ಹಾಗೇ ಇದೆ. ಮುಂದುವರಿಸುತ್ತೇನೆ.

೧೯೯೩ರ ಆಗಸ್ಟಿನಲ್ಲಿ ಹುಟ್ಟಿದ, ನಿನಗಿಂತ ಎರಡು ವರ್ಷ ಮೊದಲು. ಆಗ ನಾವು ಗುಡೇಕೋಟೆಯಲ್ಲಿದ್ದೆವು. ಅಜ್ಜಿ ಮೊರದಲ್ಲಿ ತವುಡು ತುಂಬಿಕೊಂಡು ಬಾಗಿಲಿಗೆ ಬಂದಳು. ನಮ್ಮ ಮನೆತನದಲ್ಲಿ ಚೊಚ್ಚಲು ಉಳಿಯುವುದಿಲ್ಲ, ಒಂದು ಗಳಿಗೆ ತಿಪ್ಪೆಯ ಮೇಲೆ ಹಾಕಿ ತರುತ್ತೇನೆ, ಯಾರಿಗೂ ನಷ್ಟವಿಲ್ಲ ಎಂದಳು. ನಾನು ಹೊಸ್ತಿಲಲ್ಲಿ ಅಡ್ಡ ನಿಂತು ಭಾಷಣ ಮಾಡಿದೆ. ನಾಯಿ ಕೂಡ ತನ್ನ ಮರಿಯನ್ನು ತಿಪ್ಪೆಗೆ ಎಸೆಯುವುದಿಲ್ಲ ಎಂದೆ. ಕೇರಿಯ ಮಂದಿ ಕೇಳುತ್ತಿದ್ದರು. ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಅಜ್ಜಿ ಮೊರವನ್ನು ಅಲ್ಲೇ ಇಟ್ಟು ಹೋದಳು. ಅದೇ ವಾರ ನಾನು ಅವನಿಗೆ ಪ್ರಬುದ್ಧ ಎಂದು ಹೆಸರಿಟ್ಟೆ.

ಅರ್ಥ ನಿನಗೆ ಹೇಳಬೇಕಾಗಿಲ್ಲ. ಚೆನ್ನಾಗಿ ಎಚ್ಚೆತ್ತವನು. ಅವ್ವನಿಗೆ ಬಾಯಿ ತಿರುಗದೆ ‘ಪಬ್ಬು’ ಎನ್ನುತ್ತಿದ್ದಳು.

ಜನವರಿಯಲ್ಲಿ ಜ್ವರ ಬಂತು. ಮೂರನೆಯ ದಿನಕ್ಕೆ ಹೋದ. ನಾನು ಊರಿನಲ್ಲಿರಲಿಲ್ಲ, ಹೊಸಪೇಟೆಯಲ್ಲಿ ಒಂದು ಸಭೆಯಿತ್ತು. ನಾನು ಬರುವ ಹೊತ್ತಿಗೆ ಬೆಟ್ಟದ ಬುಡದಲ್ಲಿ ಮಣ್ಣು ಮಾಡಿ ಮುಗಿಸಿದ್ದರು.  ಅವ್ವ ಹನ್ನೊಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಅನ್ನ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಮಾತಿಲ್ಲ. ಮತ್ತೆ ಮಾತು ಶುರುವಾದಾಗ ಉಪ್ಪು ತರಬೇಕು ಎಂದಳು. ಅವನ ಬಗ್ಗೆ ಅಲ್ಲಿಂದ ಇಲ್ಲಿಯತನಕ ನಾವು ಮಾತಾಡಿಲ್ಲ. ನಿನಗೆ ಹೇಳಬಾರದೆಂದು ತೀರ್ಮಾನಿಸಿದ್ದೂ ಇಲ್ಲ. ಹೇಳಲಿಲ್ಲ, ಅಷ್ಟೆ.

ಅವಳ ಆ ಹನ್ನೊಂದು ತಿಂಗಳ ಮೌನವನ್ನು ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ. ಅದರಲ್ಲಿ ಒಂದೇ ವಾಕ್ಯವಿದೆ: ನೀನಿಟ್ಟ ಹೆಸರು ಅವನನ್ನು ತಿಂದಿತು.

ನಾನು ವಿಜ್ಞಾನದ ಮೇಷ್ಟ್ರು. ಹೆಸರಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಯಾವ ಮಗುವಿಗಾದರೂ ಐದು ನಿಮಿಷದಲ್ಲಿ ತಿಳಿಸಿಕೊಡಬಲ್ಲೆ. ಆದರೆ ನಿನ್ನ ಆರನೇ ತಾರೀಖಿನ ಪತ್ರದಲ್ಲಿ, ಅಷ್ಟು ದೂರದ ದೇಶದಲ್ಲಿ, ಬೇರೆ ಭಾಷೆಯಲ್ಲಿ, ಅದೇ ಅರ್ಥ, ಅದೂ ಚೊಚ್ಚಲಿಗೆ, ಗಾಜಿನ ಪೆಟ್ಟಿಗೆಯ ಹತ್ತಿರ ಬಂದು ನಿಂತಿದೆ ಎಂದು ಓದಿದಾಗ, ಬೇಡ ಎಂದು ಬರೆಯಲು ಕುಳಿತೆ. ಇದು ನಂಬಿಕೆಯಲ್ಲ. ನಂಬಿಕೆಗಿಂತ ಕೆಳಗಿರುವುದು ಏನೋ.

ಗಾತಿಸ್‌ನ ಬಗ್ಗೆ, ಅವನ ಜನದ ಬಗ್ಗೆ ನನಗೆ ಗೌರವ ಇದೆ. ಇದು ಅವರದಲ್ಲ, ನನ್ನದು. ಸಹಿ ಮಾಡಬೇಡ. ಅವನು ಹೊರಗೆ ಬರುವವರೆಗೆ ಹೆಸರಿನ ಜಾಗ ಖಾಲಿ ಬಿಡು. ಕರೆಯಲೇಬೇಕಾದರೆ ತಿಪ್ಪ ಎಂದು ಕರೆ. ಈ ಮಾತನ್ನು ಬರೆಯುತ್ತಿರುವವನು ಸಂಜೀವ ಎಂಬುದು ನನಗೆ ಗೊತ್ತಿದೆ.

ಅಪ್ಪ


ರೀಗಾ
೨೪ ನವೆಂಬರ್ ೨೦೨೩

ಅಪ್ಪ,

ಓದಿದೆ. ಗಾತಿಸ್‌ಗೆ ಕಾರಣ ಹೇಳಲಿಲ್ಲ, ಸ್ವಲ್ಪ ದಿನ ತಡೆ ಎಂದೆ. ಫಾರಂ ಚೀಲದಲ್ಲೇ ಇದೆ. ಮಗುವನ್ನು ಇಲ್ಲಿ ಎಲ್ಲರೂ ‘ಪುಯಿಕಾ’ ಎನ್ನುತ್ತಾರೆ, ಹುಡುಗ ಎಂದರ್ಥ. ಯಾವ ಹುಡುಗನಾದರೂ ಆಗಬಹುದು.

ಇವತ್ತು ಕಣ್ಣು ತೆರೆದ.

ಸಮತಾ


ರೀಗಾ
೧೫ ಡಿಸೆಂಬರ್ ೨೦೨೩

ಅಪ್ಪ,

ಅವ್ವನ ಹತ್ತಿರ ಮಾತಾಡಿದಾಗ ನೀವು ಮಂಚದ ಆ ತುದಿಯಲ್ಲಿ ಕುಳಿತಿದ್ದಿರಿ. ನಿಮ್ಮ ಉಸಿರು ಕೇಳುತ್ತಿತ್ತು. ಆದ್ದರಿಂದ ಏನಾಯಿತು ಎಂದು ನಿಮಗೆ ಗೊತ್ತು. ಡಿಸೆಂಬರ್ ಒಂದು, ಬೆಳಗಿನ ಹನ್ನೊಂದು ಗಂಟೆ. ಕರುಳಿಗೆ ಸೋಂಕು. ಇಷ್ಟು ಬೇಗ ಹುಟ್ಟಿದವರಲ್ಲಿ ಆಗುವಂಥದ್ದು. ಎಲ್ಲರೂ ಮಾಡಬೇಕಾದುದನ್ನು ಮಾಡಿದರು. ಇಪ್ಪತ್ತೆಂಟು ದಿನ ಇದ್ದ.

ಅವ್ವನಿಗೆ ಹೇಳದ್ದನ್ನು ನಿಮಗೆ ಬರೆಯುತ್ತಿದ್ದೇನೆ.

ಕೊನೆಗೆ ಅವನನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಎದೆಯ ಮೇಲೆ ಇಟ್ಟರು. ಮಾತಾಡಿ, ಕೇಳಿಸುತ್ತದೆ ಎಂದರು. ಗಾತಿಸ್ ನನ್ನನ್ನು ನೋಡಿದ. ಕರೆಯಲು ನನಗೆ ಮಾತಿರಲಿಲ್ಲ. ಆ ಹೆಸರು ನಾಲಿಗೆಯ ಮೇಲಿತ್ತು. ನೀವು ಬೇಡ ಎಂದಿದ್ದಿರಿ, ಇನ್ನೂ ಉಸಿರಿತ್ತು, ನಾನು ಕರೆದದ್ದರಿಂದಲೇ ಏನಾದರೂ ಆದೀತು ಎಂದು ಹೆದರಿದೆ. ಹತ್ತು ವರ್ಷ ಆಸ್ಪತ್ರೆಗಳಲ್ಲಿ ಕಲಿತು, ದುಡಿದವಳು ನಾನು. ತಿಪ್ಪ ಎನ್ನಲೂ ಬಾಯಿ ಬರಲಿಲ್ಲ. ಸುಮ್ಮನೆ ಇದ್ದೆ. ಸುಮಾರು ಇಪ್ಪತ್ತು ನಿಮಿಷ. ಅವನು ಕಣ್ಣು ತೆರೆದುಕೊಂಡೇ ಇದ್ದ, ಕರೆಯುತ್ತಾರೆ ಎಂದು ಕಾಯುವವರ ಹಾಗೆ. ಹಾಗೆ ಕಂಡದ್ದು ನನಗೆ ಮಾತ್ರ ಇರಬಹುದು.

ಆಮೇಲೆ ಕಾಗದ ತುಂಬುವಾಗ ಹೆಸರು ಕೇಳಿದರು. ಜಾಗ ಖಾಲಿ ಬಿಡಿ ಎಂದೆ. ಬಿಟ್ಟರು.

ಅವನನ್ನು ಮಣ್ಣು ಮಾಡಿದೆವು. ವಾಪಸ್ ಬರುವಾಗ ಕಾರಿನಲ್ಲಿ ವೆಲ್ತಾ, ನನ್ನನ್ನು ನೋಡದೆ, “ನನ್ನ ಅಪ್ಪನಿಂದ ಮನೆ ಕಿತ್ತುಕೊಂಡರು, ತಾಯಿಯನ್ನು ಕಿತ್ತುಕೊಂಡರು. ಹೆಸರನ್ನು ಅವನ ಹತ್ತಿರವೇ ಬಿಟ್ಟಿದ್ದರು” ಎಂದರು. ಗಾತಿಸ್ ಸದ್ಯಕ್ಕೆ ಅವರ ಮನೆಯಲ್ಲಿದ್ದಾನೆ.

ಈಗ ಮಗುವಿನ ಮಣ್ಣಿನ ಮೇಲೆ ಒಂದು ಕಡ್ಡಿಗೆ ಸಿಕ್ಕಿಸಿದ ಸಂಖ್ಯೆ ಇದೆ, ಅದರ ಮೇಲೆ ಹಿಮ. ವಸಂತದಲ್ಲಿ ನೆಲ ಸಡಿಲವಾದ ಮೇಲೆ ಮರದ ಹಲಗೆ ನೆಡುತ್ತಾರೆ. ಏನು ಬರೆಯಬೇಕೆಂದು ಕೇಳುತ್ತಿದ್ದಾರೆ. ನನ್ನಿಂದ ಆಗುವುದಿಲ್ಲ. ನೀವು ಹೇಳಿ.

ಸಮತಾ


ಕೂಡ್ಲಿಗಿ
೨೨ ಜನವರಿ ೨೦೨೪

ಸಮತಾ,

ಐದು ವಾರ ಉತ್ತರ ಬರೆಯಲಿಲ್ಲ. ಬರೆದ ಮೂರು ಪತ್ರಗಳನ್ನು ಸುಮಲತಾಳ ಅಂಗಡಿಯವರೆಗೆ ಒಯ್ದು ವಾಪಸ್ ತಂದೆ. ಮೂರನೆಯ ಸಲ ಅವಳು, “ಕರೆಂಟ್ ಐತ್ರಿ ಸರ್” ಎಂದಳು, ನಾನು ಅದಕ್ಕೇ ಹಿಂದಿರುಗುತ್ತಿದ್ದೇನೆ ಎಂದು ತಿಳಿದು.

ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ನಿನ್ನ ಫೋನ್ ಬಂದಾಗ ಅವ್ವ ಸ್ಪೀಕರ್ ಹಾಕಲಿಲ್ಲ. ಕಿವಿಗೆ ಒತ್ತಿ ಹಿಡಿದು ಹಿತ್ತಲಿಗೆ ಹೋದಳು. ಮಗುವಿಗೆ ಯಾಕೆ ಹೆಸರಿಡಲಿಲ್ಲ ಎಂದು ಅವಳು ಕೇಳಿರಬೇಕು, ನೀನು ಹೇಳಿರಬೇಕು. ಹೇಳಿದ್ದು ಸರಿ. ಒಳಗೆ ಬಂದು ನನ್ನ ಎದುರು ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯತೊಡಗಿದಳು. ಅರ್ಧ ಬುಟ್ಟಿ ಮುಗಿದ ಮೇಲೆ ತಲೆಯೆತ್ತದೆ ಕೇಳಿದಳು.

“ಹೆಸರು ಬ್ಯಾಡಂತ ಬರದಿದ್ರಂತ.”

ಹೌದು ಎಂದೆ. ಪ್ರಬುದ್ಧನ ವಿಷಯವನ್ನೂ ಬರೆದೆ ಎಂದೆ. ಆ ಹೆಸರು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಬಂದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವಳ ಕೈ ನಿಲ್ಲಲಿಲ್ಲ.

“ಹೆಸರು ಕೂಸನ್ನ ತಿಂತು ಅಂತ ನಾ ಯಾವತ್ತರ ಅಂದೀನೇನ್ರಿ?”

ಇಲ್ಲ ಎಂದೆ.

“ಮತ್ತ?”

ನೀನು ಮಾತಾಡಲಿಲ್ಲವಲ್ಲ ಎಂದೆ.

ಆಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. “ಮೂರು ದಿನ ಜ್ವರ. ಮೂರನೇ ದಿನ ಬಸ್ ಬರಲಿಲ್ಲ, ಎತ್ತಿಕೊಂಡು ಕೂಡ್ಲಿಗಿ ದಾರಿ ಹಿಡದೆ. ನಡುದಾರ್ಯಾಗ ಹೋತು. ನೀವು ಹೊಸಪೇಟ್ಯಾಗ ಮಂದಿಗೆ ಹೆಸರು ಇಡಾಕ ಹೋಗಿದ್ರಿ. ನಮ್ಮ ಕೇರಿ ಮರುಳಪ್ಪನ ಕೈಲಿ ಚೀಟಿ ಕಳಿಸಿದ್ದೆ. ನೀವು ಬರಲಿಲ್ಲ. ನಾ ಮಾತು ಬಿಟ್ಟಿದ್ದು ಅದಕ್ರಿ. ಹೆಸರಿಗೇನಾಗಿತ್ತು? ಹೆಸರು ಚಲೋ ಇತ್ತು.”

ಚೀಟಿ ಬಂದಿತ್ತು, ಸಮತಾ. ವೇದಿಕೆಯ ಕೆಳಗೆ ಇಪ್ಪತ್ತೆರಡು ಮಂದಿ ಹೊಸ ಹೆಸರಿಗೆ ಕಾದು ಕುಳಿತಿದ್ದರು. ಒಬ್ಬೊಬ್ಬರಿಗೂ ಅರ್ಥ ಹೇಳಿ ಹೆಸರಿಡುವ ಕೆಲಸ ನನ್ನದು. ಮಕ್ಕಳಿಗೆ ಜ್ವರ ಬರುತ್ತಿರುತ್ತದೆ ಎಂದುಕೊಂಡು ಚೀಟಿಯನ್ನು ಕಿಸೆಯಲ್ಲಿಟ್ಟೆ. ಮರುದಿನ ಮಧ್ಯಾಹ್ನ ಹೊರಟೆ. ನವೆಂಬರಿನಲ್ಲಿ ನಿನಗೆ ಬರೆಯುವಾಗ ‘ಒಂದು ಸಭೆಯಿತ್ತು’ ಎಂದು ದಾಟಿಹೋದದ್ದನ್ನು ನೀನು ಗಮನಿಸಿರಲಾರೆ. ನಾನೂ ಗಮನಿಸಿರಲಿಲ್ಲ. ಹೆಸರನ್ನು ದೂರುವುದು ನನಗೆ ಅನುಕೂಲವಾಗಿತ್ತು. ಅಜ್ಜಿಯ ಮೊರ, ತವುಡು, ತಿಪ್ಪೆ, ಇವನ್ನೆಲ್ಲ ಆ ಚೀಟಿಯ ಮೇಲೆ ಒಂದೊಂದಾಗಿ ಪೇರಿಸಿಟ್ಟೆ. ಕೊನೆಗೆ ಆ ಭಾರವನ್ನು ನಿನ್ನ ಕಡೆ ಸರಿಸಿದೆ. ಅವನು ನಿನ್ನ ಎದೆಯ ಮೇಲಿದ್ದ ಇಪ್ಪತ್ತು ನಿಮಿಷವನ್ನು ನಿನ್ನಿಂದ ಕಿತ್ತುಕೊಂಡವನು ನಾನು. ಕ್ಷಮೆ ಕೇಳುವುದು ಇಲ್ಲಿ ಚಿಕ್ಕದಾಗುತ್ತದೆ, ಕೇಳುತ್ತಿಲ್ಲ.

ನಿನ್ನೆ ಭಾನುವಾರ ಅವ್ವ, “ನಡ್ರಿ” ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಗುಡೇಕೋಟೆಯ ಬಸ್ಸಿನಿಂದ ಇಳಿದು ಅವಳು ಮುಂದೆ ನಡೆದಳು. ಬೆಟ್ಟದ ಬುಡದಲ್ಲಿ ಕಲ್ಲು, ಮುಳ್ಳುಕಂಟಿ, ತಂಗಡಿ ಗಿಡ. ಎಲ್ಲ ಕಡೆಯೂ ಒಂದೇ ರೀತಿ. ನನಗೆ ಜಾಗ ಗೊತ್ತಾಗಲಿಲ್ಲ. ಅವಳು ಎಲ್ಲೂ ನಿಂತು ಯೋಚಿಸದೆ ಒಂದು ಹುಟ್ಟುಬಂಡೆಯ ಹತ್ತಿರ ಹೋಗಿ ಕುಳಿತಳು. ಅಲ್ಲಿ ನೆಲ ಗುಡಿಸಿದ ಹಾಗಿತ್ತು. ಪ್ರತಿ ವರ್ಷ ಉಜ್ಜಿನಿಗೆ ಹೋಗಿಬರುತ್ತೇನೆ ಎಂದು ಜನವರಿಯಲ್ಲಿ ಅವಳು ಹೊರಡುತ್ತಿದ್ದಳಲ್ಲ. ದೇವರ ಹುಚ್ಚು ಎಂದು ನಾನು ಹಾಸ್ಯ ಮಾಡುತ್ತಿದ್ದೆ.

ಅಲ್ಲಿಂದ ಅಜ್ಜಿಯ ಮನೆಗೆ ಹೋದೆವು. ಅವಳಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೆಜ್ಜೆಯಲ್ಲೇ ಗುರುತು ಹಿಡಿದು, “ತಿಪ್ಪ ಬಂದೇನಲೇ” ಎಂದಳು. ನಿನ್ನ ಮಗುವಿನ ವಿಷಯವನ್ನು ಅವಳಿಗೆ ಯಾರೋ ಹೇಳಿದ್ದರು. ಏನು ಹೆಸರು ಇಟ್ಟಿದ್ದರು ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. ಮೋದ್ರಿಸ್ ಎಂದೆ. ಹಂಗಂದರೇನು ಎಂದಳು. ಎಚ್ಚರ ಇರುವವನು ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಬಾಯಲ್ಲಿ ಆ ಮಾತನ್ನು ತಿರುಗಿಸಿ ನೋಡಿದಳು. “ಅಷ್ಟು ಸಣ್ಣ ಕೂಸಿಗೆ ನಿದ್ದಿನೂ ಬೇಕಲ್ಲೋ ತಿಪ್ಪ” ಎಂದಳು.

ಹಲಗೆಯ ಮೇಲೆ ಮೋದ್ರಿಸ್ ಎಂದು ಬರೆಸು. ಕೇಳಿದವರಿಗೆ ವೆಲ್ತಾ ಅವರು ಇಟ್ಟ ಹೆಸರು ಎಂದು ಹೇಳು. ಅವರಿಗೂ ಗಾತಿಸ್‌ಗೂ ಈ ಪತ್ರವನ್ನು ಪೂರ್ತಿ ಓದಿ ಅರ್ಥ ಹೇಳು, ಚೀಟಿಯ ಮಾತನ್ನು ಬಿಡದೆ.

ಬರೆಯುವಾಗ ‘ಸ್’ ಬೇಕು, ಕರೆಯುವಾಗ ಬೇಡ ಎಂದು ನೀನು ಬರೆದದ್ದು ನೆನಪಿದೆ. ಆದ್ದರಿಂದ ಕೊನೆಯ ಸಾಲು ನಿನಗಲ್ಲ, ಅವನಿಗೆ. ನೆಲ ಸಡಿಲವಾಗಿ ಹಲಗೆ ನೆಟ್ಟ ದಿನ, ಅಲ್ಲಿ ನಿಂತು, ನನ್ನ ಪರವಾಗಿ ಕೇಳು.

ಅಪ್ಪ,
ಸಂಜೀವ

ಮೋದ್ರಿ, ಎಚ್ಚರ ಅದೀಯೇನಪ್ಪ?